ಎಡಗೈ ಮಾಡದ ಆಣೆ

ಅಡಿವೆಪ್ಪ ಮಠ ಬಿಟ್ಟು ಓಡಿಹೋಗಲು ಹೊರಟದ್ದು ತನ್ನ ಕೈಗಳಿಗೆ ಹೆದರಿ.

ಹೊಳೆಯ ದಂಡೆಯ ಆ ಮಠ ದೊಡ್ಡದೇನಲ್ಲ. ನಾಲ್ಕು ಕೋಣೆ, ಒಂದು ಬೇವಿನ ಮರ, ನೀರಿಗೆ ಇಳಿಯಲು ಏಳೆಂಟು ಮೆಟ್ಟಿಲು. ಆದರೆ ಅಲ್ಲಿ ಮಾಡುವ ವಿಭೂತಿಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಿತ್ತು. ಮುಂಜಾನೆ ಹಣೆಗೆ ಹಚ್ಚಿದರೆ ಸಂಜೆಯತನಕ ಉದುರುತ್ತಿರಲಿಲ್ಲ.

ಮಾಡುವವರು ಐದು ಮಂದಿ ಶಿಷ್ಯರು. ಆಕಳ ಸಗಣಿಯ ಕುಳ್ಳು ಸುಟ್ಟು, ಆ ಬೂದಿಯನ್ನು ಕಲ್ಲಿನ ಬಾನಿಯಲ್ಲಿ ನೀರಿಗೆ ಕಲಸಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ಬಿಳಿ ಕೆಸರನ್ನು ಕೈಯಿಂದ ನಾದಿ ವಿಭೂತಿಯ ಗಟ್ಟಿ ಕಟ್ಟುತ್ತಿದ್ದರು. ಮುಂಜಾನೆ ಬಾನಿಗೆ ಕೈ ಹಾಕಿದರೆ ತೆಗೆಯುತ್ತಿದ್ದದ್ದು ಹೊತ್ತು ಇಳಿದ ಮೇಲೆ.

ತೆಗೆದ ಮೇಲೂ ತೊಳೆಯುತ್ತಿರಲಿಲ್ಲ. ವಿಭೂತಿಯನ್ನು ತೊಳೆದು ಚೆಲ್ಲಿದರೆ ಶಿವನನ್ನೇ ಚೆಲ್ಲಿದ ಹಾಗೆ ಎಂದು ಅವರ ನಂಬಿಕೆ. ಅದು ತಾನಾಗಿ ಒಣಗಬೇಕು, ತಾನಾಗಿ ಉದುರಬೇಕು. ಈ ನೇಮ ಯಾರು ಹಾಕಿದ್ದೋ ಯಾರಿಗೂ ಗೊತ್ತಿರಲಿಲ್ಲ. ಗುರುವಂತೂ ಹಾಕಿರಲಿಲ್ಲ. ಗುರು ಹಾಕದ ನೇಮಗಳನ್ನು ಶಿಷ್ಯರು ಒಂದು ಕೈ ಹೆಚ್ಚಾಗಿಯೇ ನಡೆಸುತ್ತಾರೆ, ಅದೇನು ಹೊಸದಲ್ಲ.

ಗುರುವಿನ ಹೆಸರು ಶಂಭುಲಿಂಗಜ್ಜ. ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಎಪ್ಪತ್ತೈದು ದಾಟಿದ್ದರೂ ದಿನಕ್ಕೊಂದು ತಾಸು ತಾವೂ ಬಾನಿಯ ಮುಂದೆ ಕೂರುತ್ತಿದ್ದರು. ಎದ್ದವರೇ ಮೆಟ್ಟಿಲಿಳಿದು ಹೊಳೆಯಲ್ಲಿ ಕೈ ತೊಳೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು.

ಶಿಷ್ಯರು ಇದನ್ನು ದಿನವೂ ನೋಡುತ್ತಿದ್ದರು. ವಯಸ್ಸಾಗಿದೆ, ಮೈ ಸುಖ ಬೇಡುತ್ತದೆ, ಇರಲಿ ಎಂದು ದೊಡ್ಡ ಮನಸ್ಸು ಮಾಡಿ ಗುರುವನ್ನು ಕ್ಷಮಿಸಿಬಿಡುತ್ತಿದ್ದರು.

ಅಡಿವೆಪ್ಪ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ವಯಸ್ಸು ಮೂವತ್ತರ ಹತ್ತಿರ. ಬರುವ ಶ್ರಾವಣದ ಕಡೇ ಸೋಮವಾರ ಅವನಿಗೆ ದೀಕ್ಷೆ ಎಂದು ಅಜ್ಜಾರು ಹೇಳಿಬಿಟ್ಟಿದ್ದರು. ಆ ಮಠದಲ್ಲಿ ದೀಕ್ಷೆ ಆಗುವುದು ವರ್ಷಕ್ಕೆ ಅದೊಂದೇ ದಿನ. ಗುರು ಶಿಷ್ಯನ ಎರಡೂ ಅಂಗೈಗಳನ್ನು ತಮ್ಮ ಕೈಯಲ್ಲಿ ಹಿಡಿದು, ಚೆನ್ನಾಗಿ ನೋಡಿ, ಆಮೇಲೆ ಎಡ ಅಂಗೈಯ ಮೇಲೆ ಲಿಂಗ ಇಡುತ್ತಿದ್ದರು.

ಅವನನ್ನು ಹೆದರಿಸಿದ್ದು ಅದೇ. ಅಂಗೈ ನೋಡುತ್ತಾರಲ್ಲ!

ಸಂಕ್ರಾಂತಿಯ ಹೊತ್ತಿಗೆ ಉಂಗುರದ ಕೆಳಗೆ ತುರಿಕೆ ಶುರುವಾಗಿತ್ತು. ತಾಮ್ರದ ಉಂಗುರ, ಅವ್ವ ಹಾಕಿದ್ದು. ಆಮೇಲೆ ಬೆರಳ ಸಂದಿ ಕೆಂಪಾಯಿತು. ಆಮೇಲೆ ಅಂಗೈ ಬೇಸಿಗೆಯ ಎರೆ ಹೊಲದ ಹಾಗೆ ಸೀಳಿತು. ಮುಷ್ಟಿ ಹಿಡಿದರೆ ಸೀಳಿನಲ್ಲಿ ರಕ್ತ ಬರುತ್ತಿತ್ತು. ಅವನು ಸೀಳುಗಳಿಗೆ ವಿಭೂತಿಯನ್ನೇ ಮೆತ್ತಿದ. ಶಿವನ ಔಷಧಿಗಿಂತ ದೊಡ್ಡ ಔಷಧಿ ಯಾವುದು? ಸೀಳು ಇನ್ನಷ್ಟು ಬಾಯಿ ಬಿಟ್ಟಿತು.

ಆಗ ಅವನಿಗೆ ಆಣೆಯ ನೆನಪಾಯಿತು.

ಮಠಕ್ಕೆ ಬರುವ ಎರಡು ವರ್ಷ ಮೊದಲು, ಊರಲ್ಲಿ ಅವನ ಕಾಕಾನಿಗೂ ಪಕ್ಕದ ಮನೆಯ ಫಕೀರವ್ವನಿಗೂ ಒಂದು ಎಮ್ಮೆ ಕರುವಿನ ಮೇಲೆ ಜಗಳವಾಗಿತ್ತು. ಕರು ಫಕೀರವ್ವನದು. ಅಡಿವೆಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಪಂಚರು ಅವನ ಬಲಗೈಯಲ್ಲಿ ವಿಭೂತಿ ಇಟ್ಟು ಸತ್ಯ ಹೇಳು ಎಂದರು. ಅವನು ಕಾಕಾನ ಮುಖ ನೋಡಿದ. "ಕರ ನಮ್ಮ ಕಾಕಾಂದು" ಎಂದುಬಿಟ್ಟ.

ಫಕೀರವ್ವ ಅಳಲಿಲ್ಲ, ಬೈಯಲಿಲ್ಲ. ವಿಭೂತಿ ಹಿಡಿದಿದ್ದ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು.

ಅಂದು ಸುಳ್ಳಿಗೆ ಹಿಡಿದ ವಿಭೂತಿ ಇಂದು ಕೈ ಸುಡುತ್ತಿದೆ. ಅಡಿವೆಪ್ಪನಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಪಾಪಿ ಎಂದು ಶಿವನೇ ಅಂಗೈ ಮೇಲೆ ಬರೆದಿರುವಾಗ ಅದನ್ನು ಗುರುವಿನ ಮುಂದೆ ಚಾಚುವುದು ಹೇಗೆ?

ಅವನು ಕೈಗೆ ಬಟ್ಟೆ ಸುತ್ತಿಕೊಂಡ. ಊಟಕ್ಕೆ ಎಲ್ಲರೂ ಎದ್ದ ಮೇಲೆ ಕೂತ. ಸಾರಿನ ಖಾರ ಸೀಳಿಗೆ ತಾಗಿದಾಗ ಹಲ್ಲು ಕಚ್ಚಿ ನುಂಗಿದ. ಶ್ರಾವಣಕ್ಕೆ ಎರಡು ತಿಂಗಳಿರುವಾಗ, ಒಂದು ಮುಂಜಾನೆ, ಉಳಿದವರೆಲ್ಲ ಬಾನಿಯ ಹತ್ತಿರ ಇದ್ದಾಗ ಗಂಟು ಕಟ್ಟಿಕೊಂಡು ಹೊಳೆಯ ಕಡೆ ಹೊರಟ.

ಮೆಟ್ಟಿಲ ಮೇಲೆ ಅಜ್ಜಾರು ಕೂತಿದ್ದರು.

"ಎಲ್ಲಿಗೋ ತಮ್ಮಾ?"

"ಊರಿಗ್ರಿ ಅಜ್ಜಾರ. ಕಾಕಾಗ ಆರಾಮಿಲ್ಲಂತ."

"ಯಾರ ಹೇಳಿದ್ರು?"

ಅಷ್ಟು ದೂರದವರೆಗೆ ಅಡಿವೆಪ್ಪ ಸುಳ್ಳು ಹೊಂದಿಸಿಕೊಂಡಿರಲಿಲ್ಲ.

"ಹೋಗುವಂತಿ. ಈ ದೀಪ ಒಂದ ತೊಳದು ಕೊಟ್ಟು ಹೋಗು."

ಅಜ್ಜಾರ ಮುಂದೆ ಒಂದು ಹಿತ್ತಾಳೆ ದೀಪ ಇತ್ತು. ವರ್ಷಗಟ್ಟಲೆ ಎಣ್ಣೆ ಕುಡಿದು ಜಿಡ್ಡುಗಟ್ಟಿ ಕಪ್ಪಾಗಿತ್ತು. ಪಕ್ಕದಲ್ಲಿ ಒಂದು ಮಡಕೆ, ಅದರಲ್ಲಿ ಬಾನಿಯಿಂದ ಬಸಿದ ಬೂದಿ ನೀರು.

ಅಡಿವೆಪ್ಪ ಗಂಟು ಇಳಿಸಿ ಕೂತ. ಮಡಕೆಯ ತನಕ ಹೋದ ಕೈ ತಾನಾಗಿಯೇ ಹಿಂದಕ್ಕೆ ಬಂತು.

"ಯಾಕ?"

"ಮುಳ್ಳು ನಟ್ಟೈತ್ರಿ."

"ಯಾವ ಕೈಗೆ?"

"ಬಲಗೈಗ್ರಿ."

"ಹಂಗಾರ ಎಡಗೈಲೆ ತೊಳಿ."

ಎಡಗೈಯೂ ಮುಂದೆ ಹೋಗಲಿಲ್ಲ.

"ಅದಕ್ಕೂ ಮುಳ್ಳೇನು?" ಅಜ್ಜಾರು ಮೆಲ್ಲಗೆ ಕೇಳಿದರು. "ಒಂದ ಗಿಡದ್ದ ಏನು?"

ಅಡಿವೆಪ್ಪನ ಕಣ್ಣು ತುಂಬಿತು. ಸುತ್ತಿದ್ದ ಬಟ್ಟೆ ಬಿಚ್ಚಿದ. ಬಟ್ಟೆ ಅಲ್ಲಲ್ಲಿ ಸೀಳಿಗೆ ಅಂಟಿಕೊಂಡಿತ್ತು, ಬಿಡಿಸುವಾಗ ಜೀವ ಹೋದಂತಾಯಿತು. ಬಿಚ್ಚಿ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದ.

ಅಜ್ಜಾರು ಆ ಕೈಗಳನ್ನು ತಮ್ಮ ಕೈಗೆ ಎತ್ತಿಕೊಂಡರು. ಮೂಗು ಮುರಿಯಲಿಲ್ಲ, ಅಯ್ಯೋ ಅನ್ನಲಿಲ್ಲ.

"ಎಷ್ಟ ದಿನ ಆತು?"

"ಸಂಕ್ರಾಂತಿಯಿಂದ್ರಿ."

"ಐದು ತಿಂಗಳ. ಯಾರಿಗೆ ತೋರ್ಸಿದಿ?"

"ಯಾರಿಗೂ ಇಲ್ರಿ."

"ಯಾಕ?"

ಅಡಿವೆಪ್ಪ ಎಲ್ಲ ಹೇಳಿದ. ಕಾಕಾ, ಕರು, ಪಂಚರು, ಕೈಯಲ್ಲಿಟ್ಟ ವಿಭೂತಿ, ಫಕೀರವ್ವನ ನೋಟ. "ವಿಭೂತಿ ನನ್ನ ಒಲ್ಲೆ ಅಂತೈತ್ರಿ ಅಜ್ಜಾರ. ನಾ ಹೋಗತೇನ್ರಿ. ನನ್ನ ಕೈಯಾಗ ಲಿಂಗ ಇಡಬ್ಯಾಡ್ರಿ."

ಅಜ್ಜಾರು ಆ ಕೈಗಳನ್ನು ಮತ್ತೆ ತಿರುಗಿಸಿ ನೋಡಿದರು.

"ಯಾವ ಕೈಲೆ ಆಣಿ ಮಾಡಿದ್ದಿ?"

"ಬಲಗೈಲೆ ರೀ."

"ಎಡಗೈ ಆಗ ಏನ ಮಾಡಾಕತ್ತಿತ್ತು?"

ಅಡಿವೆಪ್ಪ ನೆನಪು ಮಾಡಿಕೊಂಡ. "ಏನೂ ಇಲ್ರಿ. ಸುಮ್ನ ಇತ್ತು."

"ಮತ್ತ ಇದಕ್ಯಾಕ ಶಿಕ್ಷಾ?" ಅಜ್ಜಾರು ಅವನ ಎಡಗೈ ಮೇಲೆತ್ತಿ ಅವನಿಗೇ ತೋರಿಸಿದರು. "ನೋಡು, ಬಲಗೈಗಿಂತ ಒಂದು ಸೀಳು ಹೆಚ್ಚೇ ಐತಿ. ಮೂರು ಕಣ್ಣಿನವಗ ಎಡಾ ಬಲಾ ಗೊತ್ತಾಗಂಗಿಲ್ಲೇನೋ?"

ಅಡಿವೆಪ್ಪ ತನ್ನ ಎಡಗೈಯನ್ನು ದಿಟ್ಟಿಸಿದ. ಐದು ತಿಂಗಳಲ್ಲಿ ಈ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ.

"ಹಂಗಾರ ಇದು ಏನ್ರಿ?"

"ತಡಿ. ದೀಪಾನ ಕೇಳೂಣು."

ಅಜ್ಜಾರು ಒಂದು ಸೌಟಿನಿಂದ ಬೂದಿ ನೀರು ತೆಗೆದು ದೀಪದ ಮೇಲೆ ಸುರಿದರು. ಸ್ವಲ್ಪ ಹೊತ್ತು ಬಿಟ್ಟರು. ಕಡ್ಡಿಗೆ ಕಟ್ಟಿದ ತೆಂಗಿನ ನಾರಿನಿಂದ ಎರಡು ಸಲ ತಿಕ್ಕಿದರು. ಕಪ್ಪು ಜಿಡ್ಡು ಕರಗಿ ಮೆಟ್ಟಿಲ ಮೇಲೆ ಹರಿಯಿತು. ಕೆಳಗಿನ ಹಿತ್ತಾಳೆ ಹಳದಿಯಾಗಿ ಕಂಡಿತು.

"ಜಿಡ್ಡು ಎಲ್ಲಿ ಹೋತು?"

"ಬೂದಿ ನೀರು ತಿಂತ್ರಿ."

"ನಿನ್ನ ತೊಗಲಿನಾಗೂ ಒಂದೀಟು ಜಿಡ್ಡು ಇರ್ತೈತಿ. ಹುಟ್ಟಿದಾಗ ಕೊಟ್ಟು ಕಳಿಸಿದ್ದು. ಅದ ಇದ್ರ ತೊಗಲು ಮೆತ್ತಗ, ಅದ ಹೋದ್ರ ಸೀಳತೈತಿ. ದಿನಾ ಮುಂಜಾನಿಯಿಂದ ಸಂಜಿತನಕ ಬೂದಿ ನೀರಾಗ ಕೈ ಇಡ್ತಿ. ಇದು ದೀಪದ ಜಿಡ್ಡು, ಇದು ಅಡಿವೆಪ್ಪನ ಜಿಡ್ಡು ಅಂತ ಅದಕ್ಕ ಗೊತ್ತಾಗತೈತೇನು?"

ಅಡಿವೆಪ್ಪ ದೀಪ ನೋಡಿದ, ತನ್ನ ಅಂಗೈ ನೋಡಿದ.

"ಪಾಪ ಅಲ್ರಿ?"

"ಬೂದಿ."

"ಬರೇ ಬೂದಿ?"

"ಬರೇ ಬೂದಿ. ಮ್ಯಾಲೆ ನಿನ್ನ ಉಂಗುರ. ಅದರ ಬುಡಕ ಕೆಸರು ಹೊಕ್ಕರ ಹೊರಗ ಬರಾಕ ದಾರೀನ ಇಲ್ಲ."

ಅಡಿವೆಪ್ಪ ನಗಲು ಹೋಗಿ ಅತ್ತ. ಅಳು ನಿಂತ ಮೇಲೆ ಮತ್ತೆ ನಗು ಬಂತು. ಐದು ತಿಂಗಳ ಭಾರ ಒಂದೇ ಉಸಿರಿಗೆ ಇಳಿದರೆ ಮನುಷ್ಯ ಅದನ್ನು ಬಿಟ್ಟು ಬೇರೇನು ಮಾಡಿಯಾನು!

ಅಜ್ಜಾರು ತಮ್ಮ ಬಲಗೈಯ ಕಿರುಬೆರಳು ಮುಂದೆ ಹಿಡಿದರು. "ಇದನ್ನ ಮಡಚು ನೋಡೂಣು."

ಅಡಿವೆಪ್ಪ ಹೆದರುತ್ತ ಮುಟ್ಟಿದ. ಬೆರಳು ಕಟ್ಟಿಗೆಯ ಹಾಗಿತ್ತು. ಮಡಚಲಿಲ್ಲ.

"ನಿನ್ನ ವಯಸ್ಸಿನಾಗ ನನಗೂ ಹಿಂಗ ಸೀಳಿತ್ತು. ನಾನೂ ಬಚ್ಚಿಟ್ಟೆ. ಕೀವು ಆತು, ಜ್ವರ ಬಂತು, ಜೀವ ಉಳದದ್ದ ಹೆಚ್ಚು. ಬೆರಳು ಮಾತ್ರ ಹಿಂಗಾತು."

"ನೀವು ಯಾಕ ಬಚ್ಚಿಟ್ರಿ?"

"ನನ್ನ ಪಾಪ ಯಾವದಿರಬೇಕಂತ ಹುಡುಕಾಕತ್ತಿದ್ದೆ."

"ಸಿಕ್ತೇನ್ರಿ?"

"ಹುಡುಕಿದ್ರ ಯಾರಿಗೆ ಸಿಗಂಗಿಲ್ಲೋ!"

ಆಮೇಲೆ ಅವನನ್ನು ನೀರಿನ ಅಂಚಿಗೆ ಕರೆದುಕೊಂಡು ಹೋದರು. ಅಡಿವೆಪ್ಪ ಅಲ್ಲಿ ಮತ್ತೆ ತಡೆದ.

"ಅಜ್ಜಾರ, ವಿಭೂತಿ ತೊಳದು ಚೆಲ್ಲಬಾರದಲ್ರಿ?"

"ಎಲ್ಲಿ ಚೆಲ್ತಿ?"

"ಹೊಳ್ಯಾಗ್ರಿ."

"ಈ ಹೊಳಿ ಶಿವನ್ನ ಬಿಟ್ಟು ಬ್ಯಾರೆ ಕಡೆ ಹರೀತೈತೇನು?"

ಅಡಿವೆಪ್ಪ ಕೈಗಳನ್ನು ನೀರಿಗೆ ಬಿಟ್ಟ. ತಣ್ಣಗಿತ್ತು. ಅಜ್ಜಾರು ಉಜ್ಜಲು ಬಿಡಲಿಲ್ಲ. ನೀರೇ ತೊಳೆಯಲಿ ಎಂದರು. ಉಂಗುರವನ್ನು ಮೆಲ್ಲಗೆ ತಿರುಗಿಸಿ ತಿರುಗಿಸಿ ತೆಗೆದರು. ಅದರ ಕೆಳಗಿನ ಚರ್ಮ ನೀರಲ್ಲಿ ನೆನೆದ ಅಕ್ಕಿಯ ಹಾಗೆ ಬೆಳ್ಳಗಾಗಿತ್ತು. ತಮ್ಮ ಹೆಗಲ ವಸ್ತ್ರದಿಂದ ಒಂದೊಂದೇ ಬೆರಳು, ಒಂದೊಂದೇ ಸಂದಿ ಒತ್ತಿ ಒತ್ತಿ ಒರೆಸಿದರು. ಕಡೆಗೆ ಎಣ್ಣೆ ಸವರಿದರು.

ಗುರುವಿನಿಂದ ಸೇವೆ ಮಾಡಿಸಿಕೊಳ್ಳುತ್ತಿದ್ದೇನೆ ಎಂದು ಅಡಿವೆಪ್ಪನಿಗೆ ನಾಚಿಕೆಯಾಯಿತು. ಆದರೆ ಕೈ ಹಿಂದಕ್ಕೆ ತೆಗೆಯಲು ಮನಸ್ಸು ಬರಲಿಲ್ಲ. ಎಷ್ಟೋ ದಿನದ ಮೇಲೆ ಕೈಗೆ ಹಾಯೆನಿಸಿತ್ತು.

"ಮತ್ತ ಆ ಆಣಿ?" ಅವನು ಕೇಳಿದ.

"ಅದು ಕೈಯಾಗಿಲ್ಲ. ಅದು ಎಲ್ಲೈತಿ ಅಂತ ನಿನಗ ಗೊತ್ತೈತಿ. ಗಂಟು ಹೆಂಗೂ ಕಟ್ಟೀದಿ, ನಾಳೆ ಊರಿಗೆ ಹೋಗಿ ಬಾ." ಅಜ್ಜಾರು ಎದ್ದರು. "ಒಂದ ಮಾತು. ಅಂಗೈ ಪೂರ್ತಿ ಕೂಡೂತನಕ ಬೂದಿ ಮುಟ್ಟೂದಿಲ್ಲ. ದೀಕ್ಷಾನೂ ಇಲ್ಲ."

ಅಂದು ಸಂಜೆ ಪೂಜೆಯಾದ ಮೇಲೆ ಅಜ್ಜಾರು ಐದೂ ಮಂದಿಯನ್ನು ಬೇವಿನ ಮರದ ಕೆಳಗೆ ಕೂರಿಸಿದರು.

"ಎಲ್ಲಾರೂ ಕೈ ತೋರ್ಸ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗೆ ನಾಲ್ಕು ಮಂದಿಯ ಕೈಗಳು ನಾಲ್ಕು ಕಡೆ ಅಡಗಿದವು. ಒಬ್ಬ ಕಂಕುಳಲ್ಲಿ ಇಟ್ಟುಕೊಂಡ, ಒಬ್ಬ ಅವುಗಳ ಮೇಲೆ ಕೂತೇಬಿಟ್ಟ.

ಅಡಿವೆಪ್ಪ ಮೊದಲು ಚಾಚಿದ. ಅದನ್ನು ನೋಡಿ ಉಳಿದವರು ಒಬ್ಬೊಬ್ಬರಾಗಿ ಚಾಚಿದರು.

ಹತ್ತೂ ಅಂಗೈ ಸೀಳಿದ್ದವು.

ಎಲ್ಲರಿಗಿಂತ ಹಿರಿಯ ಶಿಷ್ಯ ಗದಿಗೆಪ್ಪ ಅಜ್ಜಾರ ಕಾಲಿಗೆ ಬಿದ್ದ. "ತಪ್ಪಾತ್ರಿ. ಹ್ವಾದ ವರ್ಷ ನೈವೇದ್ಯಕ್ಕಿಟ್ಟ ತುಪ್ಪಾನ ಒಂದ ಚಮಚಾ ಮೊದಲ ತಿಂದಿದ್ದೆ. ಅದಕ್ಕ ಹಿಂಗಾಗೇತ್ರಿ."

ಇನ್ನೊಬ್ಬ ಅಪ್ಪನ ಮಾತಿಗೆ ಎದುರಾಡಿ ಮನೆ ಬಿಟ್ಟು ಬಂದಿದ್ದನಂತೆ. ಮತ್ತೊಬ್ಬ ಜಪದ ಹೊತ್ತಿನಲ್ಲಿ ದಿನವೂ ತೂಕಡಿಸುತ್ತಿದ್ದನಂತೆ. ಕೊನೆಯವನು ನೆಲ ನೋಡುತ್ತ, ಅಜ್ಜಾರು ತೀರಿಕೊಂಡರೆ ಗಾದಿ ಯಾರಿಗೆ ಬರಬಹುದು ಎಂದು ಮೂರು ನಾಲ್ಕು ಸಲ ಯೋಚನೆ ಮಾಡಿದ್ದೇನೆ ಎಂದ.

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲಲು ಹೊತ್ತು ಹಿಡಿಯಿತು.

"ಐದು ಮಂದಿ, ಐದು ಪಾಪ. ಬಾನಿ ಮಾತ್ರ ಒಂದ!"

ಕಣ್ಣೊರೆಸಿಕೊಂಡು ಮತ್ತೆ ಹೇಳಿದರು: "ಅಂಗೈ ಹುಣ್ಣಿಗೆ ಕನ್ನಡಿ ಯಾಕ ಅಂತಾರ. ನಿಮಗ ಬೇಕಾತು ನೋಡ್ರಿ. ಒಬ್ಬರ ಕೈ ಒಬ್ಬರು ನೋಡಿದ್ರ ಅವತ್ತ ತಿಳೀತಿತ್ತು."

ಶಿಷ್ಯರು ಒಬ್ಬರ ಅಂಗೈ ಒಬ್ಬರು ನೋಡಿಕೊಂಡರು. ಯಾರ ಮುಖದಲ್ಲೂ ಹೆದರಿಕೆ ಉಳಿದಿರಲಿಲ್ಲ. ಗದಿಗೆಪ್ಪನಂತೂ ತುಪ್ಪದ ವಿಷಯ ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ.

ಅಜ್ಜಾರ ನಗು ಮಾತ್ರ ಅಷ್ಟರಲ್ಲಿ ಹೋಗಿತ್ತು.

"ಇದರಾಗ ನನ್ನ ತಪ್ಪೂ ಐತಿ. ದಿನಾ ನಿಮ್ಮ ಕಣ್ಣ ಮುಂದ ಕೈ ತೊಳಕೊಂಡೆ, ಎಣ್ಣಿ ಹಚ್ಚಿಕೊಂಡೆ. ನೋಡತಾರ, ಕಲೀತಾರ ಅಂತ ತಿಳಕೊಂಡೆ. ಬಾಯಿ ಬಿಟ್ಟು ಒಂದಿನಾನೂ ಹೇಳಲಿಲ್ಲ. ಗುರು ಆದವಗ ಬಾಯಿನೂ ಕೊಟ್ಟಿರ್ತಾನ ದೇವರು."

ಅಜ್ಜಾರು ಮುಂದುವರಿಸಿದರು. ನಾಳೆಯಿಂದ ಬಾನಿಯ ಕೆಸರನ್ನು ಮರದ ಹುಟ್ಟಿನಿಂದ ತಿರುವಬೇಕು, ಗಟ್ಟಿ ಕಟ್ಟುವಾಗ ಮಾತ್ರ ಕೈ ಹಚ್ಚಬೇಕು. ಒಬ್ಬರೇ ಇಡೀ ದಿನ ಕೂರುವಂತಿಲ್ಲ, ಪಾಳಿ ಹಾಕಿಕೊಳ್ಳಬೇಕು. ಬಾನಿಯಿಂದ ಎದ್ದ ಕೂಡಲೇ ಹೊಳೆ, ವಸ್ತ್ರ, ಎಣ್ಣೆ.

ಗದಿಗೆಪ್ಪನಿಗೆ ಹುಟ್ಟಿನ ಮಾತು ಗಂಟಲಲ್ಲಿ ಇಳಿಯಲಿಲ್ಲ.

"ಅಜ್ಜಾರ, ಕಟ್ಟಿಗಿಲೆ ತಿರುವಿದ ವಿಭೂತಿಗೆ ಸತ್ವ ಇರ್ತೈತೇನ್ರಿ? ಕೈ ನೊಂದಷ್ಟೂ ಭಕ್ತಿ ಹೆಚ್ಚಲ್ರಿ?"

"ನಿನ್ನೆ ನೀ ಕಟ್ಟಿದ ಗಟ್ಟಿ ಒಂದ ತಾ."

ಗದಿಗೆಪ್ಪ ತಂದ. ಅಜ್ಜಾರು ಅದನ್ನು ದೀಪದ ಹತ್ತಿರ ಹಿಡಿದು ಎರಡು ಹೋಳು ಮಾಡಿದರು. ಬಿಳಿಯ ನಡುವೆ ಕಂದು ಬಣ್ಣದ ಒಂದು ಗೆರೆ ಇತ್ತು.

"ಇದು ಏನು?"

ಗದಿಗೆಪ್ಪ ಕಣ್ಣು ಕಿರಿದು ಮಾಡಿ ನೋಡಿದ. ತಿಳಿದ ಮೇಲೆ ಅವನ ಮುಖ ಬಾಡಿತು. "ರಕ್ತ ರೀ. ನಂದ."

"ಇದನ್ನ ಯಾರ ಹಣಿಗೆ ಹಚ್ಚೂಣು?"

ಮರುದಿನ ಬೆಳಗಾಗುವಷ್ಟರಲ್ಲಿ ಗದಿಗೆಪ್ಪ ಬೇವಿನ ಕೊಂಬೆ ಕಡಿದು ಎರಡು ಹುಟ್ಟು ಕೆತ್ತಿ ಇಟ್ಟಿದ್ದ.

ಅಡಿವೆಪ್ಪ ಕೈಗೆ ಎಣ್ಣೆ ಹಚ್ಚಿಕೊಂಡು ಊರಿಗೆ ಹೋದ. ಫಕೀರವ್ವ ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದಳು. ಅವನು ದೂರದಲ್ಲೇ ನಿಂತು, ಕರು ನಿನ್ನದೇ ಆಗಿತ್ತು, ನಾನು ಸುಳ್ಳು ಆಣೆ ಮಾಡಿದೆ ಎಂದ.

ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಲೋ. ಊರಿಗೆಲ್ಲಾ ಗೊತ್ತೈತಿ. ಆ ಕರ ನನ್ನ ಮನಿ ಮುಂದ ಹಾದು ಹೋಗೂವಾಗೆಲ್ಲಾ ನನ್ನ ನೋಡಿ ಒದರತಿತ್ತು. ದನಕ್ಕಿರೂ ಬುದ್ಧಿ ನಿನಗ ಬರಾಕ ಐದು ವರ್ಷ ಹಿಡೀತು."

"ತಪ್ಪಾತು ಎವ್ವಾ. ಏನ ಮಾಡಲಿ ಹೇಳು."

"ನನ್ನ ಮುಂದ ಹೇಳಿದ್ರ ಏನ ಬಂತು? ಎಲ್ಲಿ ಆಣಿ ಮಾಡಿದ್ಯೋ ಅಲ್ಲೇ ಹೇಳು."

ಪಂಚರು ಸೇರಿದರು. ಅಡಿವೆಪ್ಪ ಅದೇ ಕಟ್ಟೆಯ ಮೇಲೆ ನಿಂತು 'ನಾನು ಹೇಳಿದ್ದು ಸುಳ್ಳು' ಎಂದ. ಕಾಕಾ ಎಲ್ಲರ ಮುಂದೆ ಉಗಿದು ಎದ್ದುಹೋದ. ಅಂದಿನಿಂದ ಅಡಿವೆಪ್ಪನೊಂದಿಗೆ ಅವನು ಮಾತಾಡಲಿಲ್ಲ. ಕರು ಎಮ್ಮೆಯಾಗಿ, ತನ್ನದೇ ಒಂದು ಕರುವನ್ನು ಕಟ್ಟಿಕೊಂಡು ಫಕೀರವ್ವನ ಕೊಟ್ಟಿಗೆಗೆ ಬಂತು. ಅವಳು ಅಡಿವೆಪ್ಪನಿಗೆ ಇನ್ನೂ ಒಂದಷ್ಟು ಬೈದಳು. ಬೈಯುತ್ತಲೇ ಬಿಸಿ ರೊಟ್ಟಿ ಹಾಕಿ ಹಾಲು ಕೊಟ್ಟಳು. ಅವನು ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದ.

ಮಠಕ್ಕೆ ತಿರುಗಿ ಬಂದಾಗ ಅವನ ನಡಿಗೆ ನೋಡಿಯೇ ಅಜ್ಜಾರಿಗೆ ತಿಳಿಯಿತು.

ಕೈ ನಿಧಾನವಾಗಿ ಕೂಡಿತು. ಮೊದಲು ತುರಿಕೆ ನಿಂತಿತು, ಆಮೇಲೆ ರಕ್ತ ನಿಂತಿತು, ಆಮೇಲೆ ಸೀಳುಗಳು ತುದಿಯಿಂದ ಮುಚ್ಚುತ್ತ ಬಂದವು. ಎರಡೂವರೆ ತಿಂಗಳು ಅವನು ಬೂದಿ ಮುಟ್ಟಲಿಲ್ಲ. ಕುಳ್ಳು ಒಟ್ಟಿದ, ಸೌದೆ ತಂದ, ಹೂವಿನ ಗಿಡಗಳಿಗೆ ನೀರು ಹಾಕಿದ. ಉಂಗುರವನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ.

ಮುಂಜಾನೆ ಬಾನಿಗೆ ಕೂರುವ ಮೊದಲು ಒಬ್ಬರ ಕೈ ಒಬ್ಬರು ನೋಡುವುದು ಮಠದಲ್ಲಿ ರೂಢಿಯಾಯಿತು. ಕೆಂಪಗೆ ಕಂಡರೆ ಅವತ್ತು ಅವನಿಗೆ ಬಾನಿ ಇಲ್ಲ. ಮೊದಮೊದಲು ನಾಚಿಕೆ ಪಟ್ಟವರು ಆಮೇಲೆ 'ಇವತ್ತ ನಿನ್ನ ಪಾಪ ಹೆಂಗೈತೋ' ಎಂದು ತಮಾಷೆ ಮಾಡಿಕೊಳ್ಳುತ್ತಿದ್ದರು.

ಶ್ರಾವಣ ಬಂತು. ವಿಭೂತಿ ಕೇಳುವವರು ಹೆಚ್ಚಾದರು. ಕಡೇ ಸೋಮವಾರಕ್ಕೆ ನಾಲ್ಕು ದಿನ ಇರುವಾಗ, ಕೈ ಕೂಡಿದೆ ಎಂದು ಎಲ್ಲರೂ ನೋಡಿ ಒಪ್ಪಿದ ಮೇಲೆ, ಅಡಿವೆಪ್ಪ ಒಂದು ಹೊತ್ತು ಬಾನಿಗೆ ಕೂತ. ಗಟ್ಟಿ ಕಟ್ಟುವಾಗ ದೂರದ ಭಕ್ತರು ಬಂದರು. ಅವರಿಗೆ ನೀರು ಕೊಟ್ಟು, ಮಾತಾಡಿಸಿ, ಬಿಡಾರ ತೋರಿಸುವಷ್ಟರಲ್ಲಿ ಕೈ ತೊಳೆಯುವುದು ಮರೆತೇಹೋಯಿತು. ಕೈ ಮೇಲೇ ಬೂದಿ ಒಣಗಿತು.

ಸೋಮವಾರ ಮುಂಜಾನೆ ಸ್ನಾನ ಮಾಡುವಾಗ ಎಡಗೈಯ ಹೆಬ್ಬೆರಳ ಬುಡದಲ್ಲಿ ಚುಳ್ಳೆಂದಿತು. ನೋಡಿದ. ಎಳ್ಳುಕಾಳಿನಷ್ಟು ಉದ್ದದ ಒಂದು ಸೀಳು.

ಅಂಗೈ ಪೂರ್ತಿ ಕೂಡುವ ತನಕ ದೀಕ್ಷೆ ಇಲ್ಲ ಎಂದಿದ್ದರು ಅಜ್ಜಾರು. ಇವತ್ತು ತಪ್ಪಿದರೆ ಇನ್ನೊಂದು ವರ್ಷ.

ಗದಿಗೆಪ್ಪ ಬಗ್ಗಿ ನೋಡಿದ. "ಇಷ್ಟಕ್ಕ ಹಿಂಗ್ಯಾಕೋ? ಎಣ್ಣಿ ಹಚ್ಚು, ಕಾಣಂಗಿಲ್ಲ. ಅಜ್ಜಾರಿಗೆ ಕಣ್ಣೂ ಅಷ್ಟಕ್ಕಷ್ಟ."

ಅಡಿವೆಪ್ಪ ಎಣ್ಣೆ ಹಚ್ಚಿದ. ಕಾಣಲಿಲ್ಲ. ಹೆಬ್ಬೆರಳನ್ನು ಸ್ವಲ್ಪ ಒಳಕ್ಕೆ ಮಡಚಿಕೊಂಡರೆ ಇರುವುದೇ ಸುಳ್ಳು ಅನ್ನುವಂತಿತ್ತು.

ಗದ್ದುಗೆಯ ಮುಂದೆ ಅಜ್ಜಾರು ಕೂತಿದ್ದರು. ಭಕ್ತರು ಅಂಗಳ ತುಂಬಿದ್ದರು. ಅಡಿವೆಪ್ಪ ಮಣೆಯ ಮೇಲೆ ಕೂತು ಕೈ ಚಾಚಿದ. ಅಜ್ಜಾರು ಎರಡೂ ಅಂಗೈಗಳನ್ನು ತಮ್ಮ ಕೈಗಳಲ್ಲಿ ಹಿಡಿದರು. ಬಲಗೈ ನೋಡಿದರು. ಎಡಗೈ ನೋಡಿದರು. ತೃಪ್ತಿಯಿಂದ ತಲೆಯಾಡಿಸಿ ಲಿಂಗದ ಕರಡಿಗೆಗೆ ಕೈ ಹಾಕಿದರು.

ಆಗ ಅಡಿವೆಪ್ಪ ಹೆಬ್ಬೆರಳನ್ನು ಅಗಲ ಮಾಡಿದ.

"ಅಜ್ಜಾರ, ಇಲ್ಲೊಂದು ಸೀಳೈತ್ರಿ. ಸಣ್ಣದು. ನಾಕು ದಿನದ ಹಿಂದ ಕೈ ತೊಳಿಯೂದ ಮರತಿದ್ದೆ. ಮುಂದಿನ ಶ್ರಾವಣಕ್ಕ ಕುಂದ್ರತೇನ್ರಿ."

ಹೇಳಿ ಏಳಲು ಹೋದ. ಅಜ್ಜಾರು ಹಿಡಿದ ಕೈ ಬಿಡಲಿಲ್ಲ. ಆ ಹೆಬ್ಬೆರಳನ್ನು ಕಣ್ಣ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಕುಂದ್ರೋ ತಮ್ಮಾ. ನಾ ಇಷ್ಟ ದಿನ ಕಾಯಾಕತ್ತಿದ್ದು ಬಚ್ಚಿಡದ ಈ ಕೈಗೇ."